ಹಗ್ಗ ಜಗ್ಗುವ ಮುಧೋಳ ನಾಯಿಗೆ ಯಾವ ಪಟ್ಟಿ ಯೋಗ್ಯ?

ಮುದಗಲ್: ನಾಯಿ ಹಗ್ಗ ಜಗ್ಗತೊಡಗಿದರೆ ಇನ್ನಷ್ಟು ದಪ್ಪನೆಯ ಸರಪಳಿ ತರುವುದು ನಮ್ಮ ಭಾಗದ ರೂಢಿ. ಇದರಿಂದ ಎಳೆತ ಕಡಿಮೆಯಾಗುವುದಿಲ್ಲ. ಕೊರಳಿನ ಮೇಲಿನ ಭಾರ ಹೆಚ್ಚುತ್ತದೆ, ಅಷ್ಟೆ. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯನ್ನು ಸಾಕುವವರಂತೂ ಸಾಧನ ಕೊಳ್ಳುವ ಮೊದಲು ನಾಯಿಯ ಮೈಕಟ್ಟನ್ನು ಗಮನಿಸುವುದು ಅಗತ್ಯ.

ಮುಧೋಳ ನಾಯಿ ಮುಖ್ಯವಾಗಿ ಕಣ್ಣಿನಿಂದ ಬೇಟೆ ಗುರುತಿಸಿ ಬೆನ್ನಟ್ಟುವ ತಳಿ. ಮೊಲವಾಗಲಿ, ಆಡಿನ ಮರಿಯಾಗಲಿ, ಓಡುವುದು ಕಣ್ಣಿಗೆ ಬಿದ್ದರೆ ಸಾಕು, ಒಮ್ಮೆಲೇ ಮುನ್ನುಗ್ಗುತ್ತದೆ. ಇದರ ತಲೆ ಕಿರಿದು, ಕೊರಳು ಉದ್ದ. ಹಿಂದಕ್ಕೆ ಸರಿದು ತಲೆ ಕೊಡವಿತೆಂದರೆ ಸಾಮಾನ್ಯ ಬೆಲ್ಟು ಕಳಚಿ ಬೀಳುತ್ತದೆ. ಕಳಚದಿರಲೆಂದು ಬಿಗಿಯಾಗಿ ಕಟ್ಟಿದರೆ ಉಸಿರಿಗೆ ತೊಂದರೆ. ಲಾರಿ, ಬಸ್ಸುಗಳು ಓಡಾಡುವ ಹೆದ್ದಾರಿಯ ಬದಿಯಲ್ಲಿ ಹೀಗೆ ತಪ್ಪಿಸಿಕೊಂಡ ನಾಯಿ ಬದುಕುಳಿಯುವುದು ಅದೃಷ್ಟದ ಮಾತು.

ಈ ಬಗೆಯ ಕೊರಳಿಗೆ ಹೊಂದುವುದು ಮಾರ್ಟಿಂಗೇಲ್ ಪಟ್ಟಿ. ಇದರಲ್ಲಿ ಎರಡು ಕುಣಿಕೆಗಳಿರುತ್ತವೆ. ದೊಡ್ಡದು ಕೊರಳನ್ನು ಸುತ್ತುತ್ತದೆ, ಸಣ್ಣದಕ್ಕೆ ಹಗ್ಗ ಸಿಕ್ಕಿಸಲಾಗುತ್ತದೆ. ನಾಯಿ ಜಗ್ಗಿದಾಗ ದೊಡ್ಡ ಕುಣಿಕೆ ಬಿಗಿಯಾಗುತ್ತದೆ, ಆದರೆ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಆ ಮಿತಿ ಕಿವಿಗಳ ಹಿಂದಿನ ಕೊರಳಿನ ಸುತ್ತಳತೆಗೆ ಸಮನಾಗಿರಬೇಕು. ಅದಕ್ಕಿಂತ ಕಡಿಮೆಯಾದರೆ ಉರುಳಾಗುತ್ತದೆ. ಒಂದೂವರೆಯಿಂದ ಎರಡು ಇಂಚು ಅಗಲದ ಪಟ್ಟಿ ಉತ್ತಮ. ಕುಣಿಕೆ ಎಲ್ಲಿಯಾದರೂ ಸಿಕ್ಕಿಕೊಳ್ಳಬಹುದಾದ್ದರಿಂದ ಮನೆಗೆ ಬಂದ ಕೂಡಲೇ ಬಿಚ್ಚಿಡಬೇಕು.

ಕೊರಳ ಪಟ್ಟಿ ನಾಯಿ ತಪ್ಪಿಸಿಕೊಳ್ಳುವುದನ್ನು ತಡೆಯುತ್ತದೆ, ಎಳೆತವನ್ನಲ್ಲ. ಎಳೆತಕ್ಕೆ ಎದೆಗೆ ತೊಡಿಸುವ ಹಾರ್ನೆಸ್ ಬೇಕು. ಇಲ್ಲಿಯೇ ಬಹುತೇಕರು ಎಡವುತ್ತಾರೆ. ಬೆನ್ನ ಮೇಲೆ ಬಳೆಯಿರುವ ಹಾರ್ನೆಸ್ ತೊಡಿಸಿದರೆ ನಾಯಿ ನೊಗ ಹೊತ್ತ ಎತ್ತಿನಂತೆ ಮೈಯ ಬಲವನ್ನೆಲ್ಲ ಹಾಕಿ ಎಳೆಯುತ್ತದೆ. ಎದೆಯ ಮುಂಭಾಗದಲ್ಲಿ ಬಳೆಯಿದ್ದರೆ, ಜಗ್ಗಿದಷ್ಟೂ ಮೈ ಪಕ್ಕಕ್ಕೆ ತಿರುಗಿ ಎಳೆತದ ಬಲ ಮುರಿಯುತ್ತದೆ. ಈ ತಳಿಗೆ ಎದೆ ಆಳ, ಸೊಂಟ ಸಣ್ಣ. ಆದ್ದರಿಂದ ಪಕ್ಕೆಲುಬಿನ ಹಿಂದೆ ಬರುವ ಮೂರನೆಯ ಪಟ್ಟಿಯಿರುವ ಹಾರ್ನೆಸ್ ಸಿಕ್ಕರೆ ಬಿಡಬಾರದು. ಕೂದಲು ಗಿಡ್ಡ, ತೊಗಲು ತೆಳು. ಮುಂಗಾಲಿನ ಸಂದಿಯಲ್ಲಿ ಉಜ್ಜಿ ಗಾಯವಾಗಿದೆಯೇ ಎಂದು ದಿನವೂ ನೋಡಬೇಕು.

ಮೂತಿಗೆ ಹಾಕುವ ಪಟ್ಟಿ ಮುನ್ನುಗ್ಗುವ ನಾಯಿಗೆ ಸಲ್ಲದು, ಕತ್ತು ಉಳುಕೀತು. ಉರುಳು ಸರಪಳಿ, ಒಳಮುಖವಾಗಿ ಮುಳ್ಳುಗಳಿರುವ ಪಟ್ಟಿಗಳನ್ನು ಕೊಳ್ಳದಿರುವುದೇ ಲೇಸು. ಕೊರಳ ಪಟ್ಟಿ ಜಗ್ಗಿದಾಗ ನಾಯಿಯ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಹಾರ್ನೆಸ್‌ನಿಂದ ಹಾಗಾಗುವುದಿಲ್ಲ ಎಂದು 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ವಿದ್ಯುತ್ ಆಘಾತ ನೀಡುವ ಪಟ್ಟಿಯನ್ನು ವೇಲ್ಸ್ 2010ರಲ್ಲಿಯೇ ನಿಷೇಧಿಸಿತು.

ಹಗ್ಗ ಐದಾರು ಅಡಿ ಇದ್ದರೆ ಸಾಕು. ಹತ್ತಿಯ ನವಾರ ಇಲ್ಲವೇ ಚರ್ಮದ್ದು ಕೈಗೆ ಹಿತ; ತೆಳ್ಳನೆಯ ನೈಲಾನ್ ಅಂಗೈ ಸುಡುತ್ತದೆ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಈ ತಳಿಗೆ ಅಪಾಯಕಾರಿ. ಹದಿನೈದು ಅಡಿ ಓಡಿ ವೇಗ ಪಡೆದ ನಾಯಿ ಹಿಡಿದವರನ್ನೇ ಕೆಡವಬಲ್ಲದು. ಮಣಿಕಟ್ಟಿಗೆ ಹಗ್ಗ ಸುತ್ತಿಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಕಬ್ಬಿಣದ ಸರಪಳಿ ಹೇಗೆ ಕಾಯುತ್ತದೆಂಬುದನ್ನು ಇಲ್ಲಿನವರಿಗೆ ವಿವರಿಸಬೇಕಿಲ್ಲ.

ಸಾಧನ ಎಷ್ಟೇ ಉತ್ತಮವಾದರೂ ಪಾಠ ಬೇರೆಯೇ ಕಲಿಸಬೇಕು. ಜಗ್ಗಿದರೆ ನಿಲ್ಲುವುದು, ಹಗ್ಗ ಸಡಿಲಾದರೆ ಮುಂದಡಿ ಇಟ್ಟು ತಿನಿಸು ಕೊಡುವುದು, ಇಷ್ಟೇ ಕ್ರಮ. ನಸುಕಿನಲ್ಲಿ, ಜನ ಕಡಿಮೆಯಿರುವ ಕಡೆ ದಿನಕ್ಕೆ ಹತ್ತು ನಿಮಿಷದಿಂದ ಆರಂಭಿಸಬಹುದು. ಮೊಹರಂ ದಿನಗಳಲ್ಲಿ ಮುದಗಲ್‌ನ ಜನಜಂಗುಳಿಯ ನಡುವೆ ಹೊಸ ನಾಯಿಯನ್ನು ಹೊರತರದಿರುವುದು ಕ್ಷೇಮ. 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದಿದೆ. ಈ ತಳಿ ಮಾತು ಕೇಳದೆಂಬ ದೂರನ್ನು ಪೂರ್ತಿ ನಂಬಬೇಕಿಲ್ಲ.

ಹಗಲಿಡೀ ಕಟ್ಟಿಹಾಕಿದ ನಾಯಿ ಸಂಜೆ ಜಗ್ಗುವುದು ಸಹಜ. ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ.

ಕೊಳ್ಳುವಾಗ ನಾಯಿಯನ್ನೇ ಅಂಗಡಿಗೆ ಒಯ್ದು ತೊಡಿಸಿ ನೋಡಬೇಕು. ಹಾರ್ನೆಸ್‌ನ ಪಟ್ಟಿಯಡಿ ಎರಡು ಬೆರಳು ತೂರಬೇಕು. ಎದುರಿನಿಂದ ಮೆಲ್ಲನೆ ಸೆಳೆದಾಗ ನಾಯಿ ಹಿಂದೆ ಸರಿದರೂ ಕಳಚಬಾರದು. ಬೆಳೆಯುವ ಮರಿಗಾದರೆ ಹದಿನೈದು ದಿನಕ್ಕೊಮ್ಮೆ ಅಳತೆ ಸರಿಪಡಿಸಬೇಕು.