ಕೆಡಹುವ ಮುನ್ನ ಒಂದು ಅಳತೆ

ಬಾಸೆಲ್ ಮಿಷನ್ನಿನ ಸ್ವಿಸ್ ವೈದ್ಯೆ ಡಾ. ಈವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ಆರಂಭಿಸಿದ್ದು 1923ರಲ್ಲಿ. ಆಗ ಉಡುಪಿ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಕಾಪುವಿನ ಕಡೆಯಿಂದ ಬರುವವರಿಗೆ ಉದ್ಯಾವರದ ಹೊಳೆ ಅಡ್ಡ. ಹೆರಿಗೆಗೆ ಮನೆಯೇ ಗತಿ, ಗಂಡಸು ವೈದ್ಯರ ಮುಂದೆ ಹೆಂಗಸರು ಬಾಯಿ ಬಿಡಲು ಅಂಜುತ್ತಿದ್ದ ಕಾಲ. ಅಂಥಲ್ಲಿ ಒಬ್ಬ ವೈದ್ಯೆ ಕೂತು ಹೆಂಗಸರನ್ನೂ ಮಕ್ಕಳನ್ನೂ ನೋಡತೊಡಗಿದ್ದು ಈ ಊರಿಗೆ ಬಹಳ ದೊಡ್ಡ ಸಂಗತಿ. ಈಗ ಲೊಂಬಾರ್ಡ್ ಸ್ಮಾರಕ ಎಂದು ಕರೆಸಿಕೊಳ್ಳುವ ಆ ಮಿಷನ್ ಆಸ್ಪತ್ರೆ 2023ರಲ್ಲಿ ನೂರು ವರ್ಷ ಪೂರೈಸಿತು. ಹಾಜಿ ಅಬ್ದುಲ್ಲಾ ಸಾಹೇಬರ ದಾನದ ಜಾಗದಲ್ಲಿ ಬೆಳೆದ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯದೂ ಇದೇ ಪರಂಪರೆ. 1906ರಲ್ಲಿ ಉಡುಪಿಯಲ್ಲಿ ಬ್ಯಾಂಕು ಕಟ್ಟಿದ ಸಾಹೇಬರ ಮನೆ ಇಂದು ನಾಣ್ಯಗಳ ಸಂಗ್ರಹಾಲಯವಾಗಿ ಉಳಿದಿದೆ.

ಮನೆಗಳಿಗೆ ಆ ಭಾಗ್ಯ ಸಿಗುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕುಂಜೂರಿನ ಚೌಕಿಮನೆ, ಮಿಯಾರಿನ ಮನೆಗಳಂಥ ಹಳೆಯ ಕಟ್ಟಡಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಅದು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಹಳೆಯ ವಾರ್ಡನ್ನು, ಹೆರಿಗೆ ಕೋಣೆಯನ್ನು, ಔಷಧ ಕೊಡುವ ಕಿಟಕಿಯನ್ನು ಯಾರು ಹೊತ್ತು ತಂದು ನಿಲ್ಲಿಸುತ್ತಾರೆ? ಅವುಗಳಲ್ಲಿ ಕೆತ್ತನೆಯ ಕಂಬಗಳಿಲ್ಲ, ನೋಡಲು ಬರುವವರೂ ಇಲ್ಲ. ಮೇಲಾಗಿ ಆಸ್ಪತ್ರೆಗೆ ಹೊಸ ಕಟ್ಟಡ ಬೇಕೇ ಬೇಕು. ರೋಗಿಗೆ ಹಾಸಿಗೆ ಕೊಡುವ ಜಾಗವನ್ನು ನೆನಪಿಗಾಗಿ ತಡೆಹಿಡಿಯಿರಿ ಎನ್ನುವ ಧೈರ್ಯ ನನಗಿಲ್ಲ. ಇಂಥ ಕಟ್ಟಡಗಳಿಗೆ ಡಿಜಿಟಲ್ ದಾಖಲೆ ಅಲಂಕಾರವಲ್ಲ, ಬಹಳ ಸಲ ಅದೊಂದೇ ದಾರಿ.

ನಮ್ಮ ಕಡೆ ಅವಸರವೂ ಹೆಚ್ಚು. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮಂಗಳೂರು ಹಂಚಿನ ಮಾಡು ಇರುವ ಕಟ್ಟಡವನ್ನು ಬೀಗ ಹಾಕಿ ಬಿಟ್ಟರೆ ಮೊದಲು ನಾಲ್ಕು ಹಂಚು ಜಾರುತ್ತವೆ. ಅಲ್ಲಿಂದ ಇಳಿದ ನೀರು ಪಕ್ಕಾಸನ್ನು ಕೊಳೆಸುತ್ತದೆ. ಕೆಲವೇ ಮಳೆಗಾಲಗಳಲ್ಲಿ ಗೋಡೆಯೇ ಕರಗತೊಡಗುತ್ತದೆ.

ಅಷ್ಟರೊಳಗೆ ಅಳೆದಿಡಲು ದಾರಿಗಳಿವೆ. ಲೇಸರ್ ಸ್ಕ್ಯಾನರ್ ಕೋಣೆಯ ನಡುವೆ ನಿಂತು ಸುತ್ತಲೂ ಬೆಳಕು ಎಸೆದು, ಅದು ತಾಗಿ ಮರಳಿದ್ದರ ಲೆಕ್ಕದಿಂದ ಕೋಟಿಗಟ್ಟಲೆ ಬಿಂದುಗಳನ್ನು ಗುರುತಿಸುತ್ತದೆ. ಗೋಡೆಯ ಬಾಗು, ಮೆಟ್ಟಿಲಿನ ಸವೆತ ಕೂಡ ಅದರಲ್ಲಿ ಸಿಗುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯನ್ನು ಕಲಾ ಇತಿಹಾಸಕಾರ ಆಂಡ್ರ್ಯೂ ಟ್ಯಾಲನ್ ಹೀಗೆ ಅಳೆದಿಟ್ಟಿದ್ದರು. 2019ರ ಏಪ್ರಿಲ್‌ನಲ್ಲಿ ಅದಕ್ಕೆ ಬೆಂಕಿ ಬಿದ್ದಾಗ ಆ ಅಳತೆ ಪುನರ್ನಿರ್ಮಾಣಕ್ಕೆ ನೆರವಾಯಿತು. ಅಷ್ಟು ಬೆಲೆಯ ಯಂತ್ರವಿಲ್ಲದಿದ್ದರೂ ಸಾಮಾನ್ಯ ಕ್ಯಾಮೆರಾದಿಂದ ಒಂದರ ಮೇಲೊಂದು ಹೊಂದುವಂತೆ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಮೂರು ಆಯಾಮದ ರೂಪ ಕೊಡಬಹುದು. ಮಣಿಪಾಲದಲ್ಲೇ ವಾಸ್ತುಶಿಲ್ಪ ಕಲಿಸುವ ಶಾಲೆಯಿದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಆದರೆ ಬರೇ ಗೋಡೆಯ ಚಿತ್ರ ಸಾಲದು. ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿ ನೋಡಿ, ಅಚ್ಚಿನ ಫೋಟೋ ತೆಗೆದಿಡಬೇಕು. ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆಗಳು ಮೊದಲ ಮಹಾಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದುದರಿಂದ ಹಂಚಿನ ಮೇಲಿನ ಹೆಸರೇ ಅದರ ಕಾಲಕ್ಕೆ ಸಾಕ್ಷಿ ಹೇಳುತ್ತದೆ. ಹೆರಿಗೆ ರಿಜಿಸ್ಟರುಗಳನ್ನು ಸ್ಕ್ಯಾನ್ ಮಾಡಬೇಕು. ಅವುಗಳಲ್ಲಿ ಜನರ ಗುಟ್ಟುಗಳಿರುವುದರಿಂದ ಬಹಳ ವರ್ಷ ಸಾರ್ವಜನಿಕರಿಗೆ ತೆರೆಯದೆ ಭದ್ರವಾಗಿಡಬೇಕು. ಎಲ್ಲಕ್ಕಿಂತ ತುರ್ತಿನದು ನಿವೃತ್ತ ನರ್ಸುಗಳ, ಆಯಾಗಳ ಮಾತು. ಯಾವ ಬಾಗಿಲು ಯಾರಿಗೆ, ನೀರು ಎಲ್ಲಿ ಕಾಯಿಸುತ್ತಿದ್ದರು, ಮಳೆಗಾಲದಲ್ಲಿ ಬಾಣಂತಿಯರ ಬಟ್ಟೆ ಎಲ್ಲಿ ಒಣಗುತ್ತಿತ್ತು ಎಂಬುದು ಯಾವ ಲೇಸರಿಗೂ ಕಾಣದು. ಅವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿದ್ದನ್ನು ಹಾಗೆಯೇ ಧ್ವನಿಮುದ್ರಿಸಿರಿ.

ಹೀಗೆ ಕೂಡಿದ್ದೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದರೆ ಇದ್ದೂ ಇಲ್ಲದಂತೆ. ಒಂದು ಪ್ರತಿ ಆಸ್ಪತ್ರೆಯಲ್ಲಿ, ಒಂದು ಗ್ರಂಥಾಲಯದಲ್ಲಿ, ಇನ್ನೊಂದು ದೂರದ ಊರಿನಲ್ಲಿರಲಿ. ಕೆಲವು ವರ್ಷಕ್ಕೊಮ್ಮೆ ಹೊಸ ಮಾಧ್ಯಮಕ್ಕೆ ನಕಲು ಮಾಡಲಿ.

ಈ ಸಂಚಿಕೆ ಓದುವ ಉಡುಪಿ, ಕಾಪು, ಕಾರ್ಕಳದ ಎಷ್ಟೋ ಮಂದಿ ಈ ಆಸ್ಪತ್ರೆಗಳಲ್ಲೇ ಹುಟ್ಟಿದವರು. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಹಳೆಯ ವಾರ್ಡಿನ, ಜಗಲಿಯ, ಸಿಬ್ಬಂದಿಯ ಫೋಟೋ ಇದ್ದರೆ ಹಿಂದೆ ಹೆಸರು, ವರ್ಷ ಬರೆದು ಸ್ಕ್ಯಾನ್ ಮಾಡಿಸಿ ಆಸ್ಪತ್ರೆಗೆ ಒಂದು ಪ್ರತಿ ತಲುಪಿಸಿ. ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಒಂದೇ: ಹಳೆಯ ಕಟ್ಟಡ ಕೆಡಹುವ ಟೆಂಡರ್ ಕರೆಯುವ ಮೊದಲು ಅದನ್ನು ಅಳೆದಿಡಲು ಒಂದು ತಿಂಗಳು ಕೊಡಿ.