ಹಿತ್ತಲ ಬೆಳೆ, ಮನೆಯ ಬೀಜ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಸಮೀಪದಲ್ಲಿರುವುದರ ಬೆಲೆಯನ್ನು ಮನುಷ್ಯನು ಅರಿಯನೆಂಬುದು ಅದರ ತಾತ್ಪರ್ಯ. ಇತಿಹಾಸಕಾರರಿಗೂ ಈ ಮಾತು ಸಲ್ಲುತ್ತದೆ. ಕೋಟೆಕೊತ್ತಲಗಳ ಮತ್ತು ದಂಡಯಾತ್ರೆಗಳ ವಿಷಯ ಬರೆದವರು ಬಹುಮಂದಿ. ಮನೆಯ ಹಿಂದಿನ ನಾಲ್ಕು ಮಡಿಗಳ ಚರಿತ್ರೆ ಬರೆದವರು ವಿರಳ. ಆದರೂ ಒಂದು ನಾಡಿನ ಜನ ಹೊರಗಿನದನ್ನು ಹೇಗೆ ಬರಮಾಡಿಕೊಂಡರು, ತಮ್ಮದನ್ನು ಹೇಗೆ ಉಳಿಸಿಕೊಂಡರು ಎಂಬುದನ್ನು ಹಿತ್ತಲು ಹೇಳುವಷ್ಟು ಸ್ಪಷ್ಟವಾಗಿ ಶಾಸನಗಳೂ ಹೇಳಲಾರವು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಕಾರ್ತಿಕದಿಂದ ಮಾಘದವರೆಗಿನ ಕಾಲವು ಹಿತ್ತಲಿಗೆ ಸುಗ್ಗಿಯ ಕಾಲ. ಮಳೆ ನಿಂತಿರುತ್ತದೆ, ನೆಲದಲ್ಲಿ ಹಸಿ ಉಳಿದಿರುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ. ಬಿತ್ತಿದ ಒಂದು ತಿಂಗಳೊಳಗೆ ಮೆಂತ್ಯದ ಸೊಪ್ಪು ಕೈಗೆ ಬರುತ್ತದೆ. ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ, ಕೊತ್ತಂಬರಿಗಳು ಮಡಿಯಲ್ಲಿ ತುಂಬಿಕೊಳ್ಳುತ್ತವೆ. ಬೇಲಿಯ ಮೇಲೆ ಅವರೆ ಹಬ್ಬುತ್ತದೆ. ಬಚ್ಚಲ ನೀರು ಹರಿಯುವೆಡೆ ಬಾಳೆಯೂ ಕರಿಬೇವೂ ನಿಲ್ಲುತ್ತವೆ. ಎಳ್ಳಮಾವಾಸ್ಯೆ ಮತ್ತು ಸಂಕ್ರಾಂತಿಯ ಸಮಯದಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಹಸಿ ಮೆಂತ್ಯದ ಪಚಡಿ, ಅವರೆಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ ಇವು ಎಲೆಗೆ ಬಂದಾಗ, ಇದು ನಮ್ಮ ಹಿರಿಯರ ಕಾಲದಿಂದ ಬಂದ ಊಟವೆಂದು ನಾವು ಸಂತೋಷಪಡುತ್ತೇವೆ. ವಾಚಕರೇ, ಈ ನಂಬುಗೆಯನ್ನು ತುಸು ಪರಿಶೀಲಿಸೋಣ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ವೃಕ್ಷಾಯುರ್ವೇದವೂ ಸೂಪಶಾಸ್ತ್ರವೂ ಅದರ ಅಂಗಗಳು. ಗಿಡ ಬೆಳೆಸುವ ವಿದ್ಯೆಯನ್ನೂ ಅಡುಗೆಯ ವಿದ್ಯೆಯನ್ನೂ ಒಂದೇ ಗ್ರಂಥದಲ್ಲಿ ಇರಿಸಿದುದು ಗಮನಾರ್ಹ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ ‘ಸೂಪಶಾಸ್ತ್ರ’ವು ಬದನೆಕಾಯಿಯ ಅಡುಗೆಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದೆ. ಆದರೆ ಈ ಇಬ್ಬರ ಅಡುಗೆಮನೆಯಲ್ಲಿಯೂ ಮೆಣಸಿನಕಾಯಿ ಇಲ್ಲ, ಶೇಂಗಾ ಇಲ್ಲ, ಬಟಾಟಿ ಇಲ್ಲ, ಟೊಮ್ಯಾಟೊ ಇಲ್ಲ. ಅಲ್ಲಿಯ ಖಾರವು ಮಲೆನಾಡಿನ ಕರಿಮೆಣಸಿನದು ಮತ್ತು ಶುಂಠಿಯದು.

ಈ ನಾಲ್ಕೂ ಅಮೆರಿಕ ಖಂಡದ ಸಸ್ಯಗಳು. ಕೊಲಂಬಸನು 1492ರಲ್ಲಿ ಆ ಕಡೆಗೆ ಹೋದ ಮೇಲೆಯೇ ಇವು ಸಮುದ್ರ ದಾಟಿದವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಅವರ ಹಡಗುಗಳಲ್ಲಿ ಬಂದ ಮೆಣಸಿನಕಾಯಿ ಕ್ರಮೇಣ ಘಟ್ಟ ಹತ್ತಿ ನಮ್ಮ ಸೀಮೆಗೆ ತಲುಪಿತು. ಬಟಾಟಿಯೆಂಬ ಮಾತೇ ಪೋರ್ಚುಗೀಸರದು. ಮೆಣಸಿನಕಾಯಿಗೆ ಮಾತ್ರ ನಮ್ಮವರು ಪರಭಾಷೆಯ ಹೆಸರನ್ನು ಉಳಿಸಲಿಲ್ಲ. ಮೆಣಸಿನಂತೆ ಖಾರವಾದ ಕಾಯಿ ಮೆಣಸಿನಕಾಯಿ ಎಂದು ಕರೆದು, ಮನೆಯ ಹಳೆಯ ಮಗಳ ಹೆಸರನ್ನು ಹೊಸ ಸೊಸೆಗೆ ಇಟ್ಟರು. ಎಣ್ಣೆಗಾಯಿಯನ್ನೇ ನೋಡಿರಿ: ಬದನೆ ಈ ನೆಲದ್ದು, ಒಳಗೆ ತುಂಬಿದ ಶೇಂಗಾ ಪುಡಿಯೂ ಖಾರವೂ ಕಡಲಾಚೆಯವು. ಒಂದೇ ಬಾಣಲೆಯಲ್ಲಿ ಬೆಂದ ಮೇಲೆ ಇದು ನಮ್ಮದು, ಅದು ಪರರದು ಎಂದು ಬೇರ್ಪಡಿಸುವವರಾರು?

ಪರದೇಶದ ಗಿಡವು ಮನೆಯ ಗಿಡವಾದ ಬಗೆ ಯಾವುದು? ಇದಕ್ಕೆ ಬ್ಯಾಡಗಿಯೇ ಉತ್ತರ. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕುಗಟ್ಟಿದ ಸಿಪ್ಪೆ, ಗಾಢವಾದ ಕೆಂಪು, ಮಿತವಾದ ಖಾರ ಇವೆಲ್ಲ ತಲೆಮಾರುಗಳ ಆಯ್ಕೆಯ ಫಲ. ಕಣದಲ್ಲಿ ಒಣಗಿದ ರಾಶಿಯಿಂದ ಒಳ್ಳೆಯ ಬಣ್ಣದ, ಒಳ್ಳೆಯ ಆಕಾರದ ಹಣ್ಣುಗಳನ್ನು ಆರಿಸಿ ಬೀಜಕ್ಕೆ ಎತ್ತಿಟ್ಟ ಒಕ್ಕಲು ಮನೆತನಗಳ ಕೈ ಅದರ ಹಿಂದಿದೆ. ದಪ್ಪನೆಯ ಗಿಡ್ಡ ಕಾಯಿ ‘ಡಬ್ಬಿ’ ಎಂದೂ ನೀಳವಾದ ತೆಳು ಕಾಯಿ ‘ಕಡ್ಡಿ’ ಎಂದೂ ಹೆಸರು ಪಡೆದುದು ಈ ಜನರ ಬಾಯಿಂದಲೇ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅತಿಥಿಯನ್ನು ಮನೆಯವನನ್ನಾಗಿ ಮಾಡಿದುದು ಬೀಜವನ್ನು ಆರಿಸಿ ಕಾದಿಟ್ಟ ಕಾಯಕ.

ಈಗ ರಾಣೆಬೆನ್ನೂರಿನ ಕಡೆಗೆ ತಿರುಗೋಣ. 1973ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯು ‘ಕರ್ನಾಟಕ’ವೆಂಬ ಟೊಮ್ಯಾಟೊ ಸಂಕರ ತಳಿಯನ್ನು ಹೊರತಂದಿತು. ಆ ಬಳಿಕ ಬೆಳೆದ ತರಕಾರಿ ಬೀಜದ ಉದ್ಯಮಕ್ಕೆ ರಾಣೆಬೆನ್ನೂರಿನ ಸುತ್ತಲಿನ ಹಳ್ಳಿಗಳು ದೊಡ್ಡ ನೆಲೆಯಾದವು. ಅರಳುವ ಮುನ್ನ ಹೂವಿನ ಕೇಸರಗಳನ್ನು ಚಿಮಟದಿಂದ ಕಿತ್ತು, ಮರುದಿನ ಬೇರೊಂದು ಗಿಡದ ಪರಾಗವನ್ನು ಒಂದೊಂದು ಹೂವಿಗೂ ಕೈಯಿಂದ ಮುಟ್ಟಿಸುವ ಈ ಸೂಕ್ಷ್ಮ ಕೆಲಸವನ್ನು ಬಹುಮಟ್ಟಿಗೆ ನಮ್ಮ ಹೆಣ್ಣುಮಕ್ಕಳೇ ಮಾಡುತ್ತಾರೆ. ಹೆಚ್ಚು ಇಳುವರಿ, ರೋಗನಿರೋಧ, ಕೂಲಿಯ ಆಸರೆ ಇವು ಇದರ ಲಾಭಗಳು, ಅವನ್ನು ಅಲ್ಲಗಳೆಯಲಾಗದು.

ಆದರೆ ಸಂಕರ ಬೀಜಕ್ಕೆ ಒಂದು ನಿಯಮವಿದೆ. ಅದನ್ನು ಮೊದಲು ಕಂಡವನು ಒಬ್ಬ ಸನ್ಯಾಸಿ ಎಂಬುದನ್ನು ಮಠದ ಬಂಧುಗಳು ಅರಿತಿರಬೇಕು. ಯುರೋಪಿನ ಬ್ರನೋ ನಗರದ ಕ್ರೈಸ್ತ ಮಠದ ಹಿತ್ತಲಲ್ಲಿ ಗ್ರೆಗರ್ ಮೆಂಡೆಲನು ಬಟಾಣಿಯನ್ನು ಬೆಳೆದು ಪರೀಕ್ಷಿಸಿ, 1866ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಸಂಕರದ ಮೊದಲ ಪೀಳಿಗೆ ಏಕರೂಪವಾಗಿರುತ್ತದೆ; ಎರಡನೆಯ ಪೀಳಿಗೆಯಲ್ಲಿ ಗುಣಗಳು ಒಡೆದು ಬೇರೆ ಬೇರೆಯಾಗಿ ಕಾಣಿಸಿಕೊಳ್ಳುತ್ತವೆ. ಆದುದರಿಂದ ಸಂಕರ ಗಿಡದ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಅದೇ ಬೆಳೆ ಬಾರದು. ವರ್ಷವರ್ಷವೂ ಅಂಗಡಿಗೆ ಹೋಗಲೇಬೇಕು.

ಪರಿಸ್ಥಿತಿಯ ವಿಪರ್ಯಾಸವನ್ನು ಗಮನಿಸಿರಿ. ದೂರದೂರದ ತೋಟಗಳಿಗೆ ಬೀಜ ಕೊಡುವ ಸೀಮೆಯಲ್ಲಿಯೇ ಮನೆಯ ಬೀಜದ ಗಡಿಗೆ ಬರಿದಾಗುತ್ತಿದೆ. ಬ್ಯಾಡಗಿಯ ಮಾರುಕಟ್ಟೆಗೆ ಇಂದು ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಹೊಲಗಳಿಂದಲೂ ಬೇರೆ ತಳಿಗಳ ಕಾಯಿ ಬರುತ್ತದೆ. ಹೊರಗಿನದು ಬಂದುದು ಕೇಡಲ್ಲ. ಅದು ನಮ್ಮ ಹಿತ್ತಲ ಹಳೆಯ ಸಂಪ್ರದಾಯವೇ ಆಗಿದೆ. ಬಂದುದನ್ನು ಆರಿಸಿ, ಒಗ್ಗಿಸಿ, ಕಾದಿಡುವ ವಿದ್ಯೆ ಮರೆತುಹೋದರೆ ಅದು ಕೇಡು. ಆ ವಿದ್ಯೆಯಿಲ್ಲದಿದ್ದರೆ ಬ್ಯಾಡಗಿಗೆ ಬ್ಯಾಡಗಿಯೆಂಬ ಹೆಸರೇ ಬರುತ್ತಿರಲಿಲ್ಲ.

ಆ ವಿದ್ಯೆ ಕಷ್ಟದ್ದಲ್ಲ. ಜವಾರಿ ಬದನೆಯ ನಿರೋಗಿಯಾದ ಗಿಡವೊಂದನ್ನು ಗುರುತಿಸಿ, ಅದರ ಒಳ್ಳೆಯ ಕಾಯಿಯೊಂದನ್ನು ಕೊಯ್ಯದೆ ಹಳದಿಯಾಗುವವರೆಗೆ ಬಿಡಬೇಕು. ಬೀಜವನ್ನು ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಮಡಕೆಯಲ್ಲಿಡಬೇಕು. ಸೋರೆ, ಹೀರೆಗಳ ಬೀಜವು ಒಣಗಿದ ಕಾಯಿಯೊಳಗೇ ಕ್ಷೇಮವಾಗಿರುತ್ತದೆ. ಮೆಣಸಿನಕಾಯಿಯ ಹೂವಿಗೆ ಜೇನು ಮತ್ತಿತರ ಕೀಟಗಳು ಬೇರೆ ತಳಿಯ ಪರಾಗ ತರುವುದರಿಂದ ಬೀಜದ ಗಿಡವನ್ನು ಇತರ ತಳಿಗಳಿಂದ ದೂರದಲ್ಲಿ ಬೆಳೆಸಬೇಕು.

ನಮ್ಮ ಪ್ರಸಾದನಿಲಯಗಳಲ್ಲಿ ಉಂಡು ಓದಿ ಈಗ ನಗರಗಳಲ್ಲಿ ನೆಲೆಸಿರುವವರೂ ಕುಂಡದಲ್ಲಿ ಒಂದು ಗಿಡವನ್ನು ಬೆಳೆಸಬಲ್ಲರು. ಈ ಮಾಘದಲ್ಲಿ ಒಂದು ಕಾಯಿಯನ್ನು ಬೀಜಕ್ಕೆಂದು ಬಿಡಿರಿ. ಬಂದ ಬೀಜದಲ್ಲಿ ಒಂದು ಹಿಡಿಯನ್ನು ನೆರೆಮನೆಗೆ ಕೊಡಿರಿ. ಅನ್ನವನ್ನು ನೀಡುವಂತೆ ಬೀಜವನ್ನು ನೀಡುವುದೂ ದಾಸೋಹವೇ.