ಮಯಲಿನ್ ದುರಸ್ತಿ ಔಷಧಿಗಳ ಇತಿಹಾಸ

ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ಶಕ್ತಿ ತನ್ನದೇ ಮಿದುಳು, ಬೆನ್ನುಹುರಿಗಳ ಮೇಲೆ ತಿರುಗಿಬಿದ್ದು, ನರತಂತುಗಳನ್ನು ಸುತ್ತಿಕೊಂಡಿರುವ ಮಯಲಿನ್ ಎಂಬ ಕೊಬ್ಬಿನ ಪೊರೆಯನ್ನು ಕೆಡಿಸುತ್ತದೆ. ಪೊರೆ ಕಳಚಿದ ನರದಲ್ಲಿ ಸಂದೇಶ ನಿಧಾನವಾಗುತ್ತದೆ. ಬಹುಕಾಲ ಬರಿಮೈಯಲ್ಲೇ ಉಳಿದ ತಂತು ಕೊನೆಗೆ ಸತ್ತೇಹೋಗಬಹುದು. ಹಾಗಾಗಿ ಪೊರೆಯನ್ನು ಮತ್ತೆ ಹೊದಿಸುವುದೆಂದರೆ ನರವನ್ನು ಉಳಿಸುವುದು ಎಂದೇ ಅರ್ಥ.

ಪ್ಯಾರಿಸಿನ ನರವೈದ್ಯ ಶಾರ್ಕೋ ಈ ಕಾಯಿಲೆಯನ್ನು ಬೇರೆಯದೆಂದು ಗುರುತಿಸಿ ವಿವರಿಸಿದ್ದು 1868ರಲ್ಲಿ. ಬೆಳೆದ ಪ್ರಾಣಿಯ ಬೆನ್ನುಹುರಿ ಕಳೆದುಕೊಂಡ ಮಯಲಿನ್ನನ್ನು ತಾನೇ ಕಟ್ಟಿಕೊಳ್ಳಬಲ್ಲದು ಎಂಬುದು ಖಚಿತವಾಗಲು ಮತ್ತೆ ತೊಂಬತ್ತು ವರ್ಷಗಳೇ ಹಿಡಿದವು. 1961ರಲ್ಲಿ ಮೇರಿ ಬಂಗೆ, ರಿಚರ್ಡ್ ಬಂಗೆ ಮತ್ತು ಹ್ಯಾನ್ಸ್ ರಿಸ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬೆಕ್ಕಿನ ಬೆನ್ನುಹುರಿಯ ಹೊಸ ಪೊರೆಯನ್ನು ಕಂಡರು. ಅದು ಹಳೆಯದಕ್ಕಿಂತ ತೆಳುವಾಗಿತ್ತು. ಪೊರೆ ನೇಯುವ ಆಲಿಗೋಡೆಂಡ್ರೊಸೈಟ್ ಕೋಶಗಳಾಗಿ ಬೆಳೆಯಬಲ್ಲ ಎಳೆಯ ಕೋಶಗಳನ್ನು 1983ರಲ್ಲಿ ಮಾರ್ಟಿನ್ ರಾಫ್ ಮತ್ತು ಸಂಗಡಿಗರು ಇಲಿಯ ದೃಷ್ಟಿನರದಲ್ಲಿ ಪತ್ತೆಹಚ್ಚಿದರು.

ಔಷಧಿಗಳು ಮಾತ್ರ ಬೇರೆ ದಾರಿ ಹಿಡಿದವು. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೀಟಾ ಇಂಟರ್‌ಫೆರಾನ್ ಮೊದಲ್ಗೊಂಡು, ಕಾಯಿಲೆಯ ಗತಿ ಬದಲಿಸುವ ಮದ್ದುಗಳೆಲ್ಲ ರೋಗನಿರೋಧಕ ದಾಳಿಯನ್ನು ತಗ್ಗಿಸುವಂಥವೇ. ಬೆಂಕಿ ಆರಿತು, ಸುಟ್ಟ ಮಾಡು ಹಾಗೆಯೇ ಉಳಿಯಿತು.

ಮಾಡು ಹೊದಿಸುವ ಕೆಲಸಕ್ಕೆ ಸಿಕ್ಕಿದ್ದು ಶೀತ, ಅಲರ್ಜಿಗಳ ಹಳೆಯ ಮಾತ್ರೆ ಕ್ಲೆಮಾಸ್ಟೀನ್. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೋನಾ ಚಾನ್ ತಂಡ ಕೂದಲೆಳೆಗಿಂತ ಸಣ್ಣ ಶಂಕುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ನಡುವೆ ಕೋಶಗಳನ್ನು ಬೆಳೆಸಿತು. ಯಾವ ಮದ್ದು ಹಾಕಿದರೆ ಶಂಕುವಿನ ಸುತ್ತ ಪೊರೆ ಬೆಳೆಯುತ್ತದೋ ಅಲ್ಲಿ ಮೇಲಿನಿಂದ ನೋಡಿದಾಗ ಉಂಗುರ ಕಾಣುತ್ತದೆ. ಹೀಗೆ ಸಿಕ್ಕಿದ ಕ್ಲೆಮಾಸ್ಟೀನ್ ಕುರಿತು 2014ರಲ್ಲಿ ಪ್ರಕಟವಾದ ಈ ಶೋಧದ ಬೆನ್ನಿಗೇ ಆರಿ ಗ್ರೀನ್ ನೇತೃತ್ವದಲ್ಲಿ 50 ರೋಗಿಗಳ ಪ್ರಯೋಗ ನಡೆಯಿತು. ರೋಗಿಯ ಎದುರು ಪರದೆಯ ಮೇಲೆ ಕಪ್ಪು-ಬಿಳಿ ಚೌಕಗಳು ಅದಲುಬದಲಾಗುತ್ತವೆ. ಹಿಂದಲೆಗೆ ಅಂಟಿಸಿದ ತಂತಿ, ನೋಟ ಮಿದುಳಿಗೆ ಮುಟ್ಟಿದ ಹೊತ್ತನ್ನು ಅಳೆಯುತ್ತದೆ. ಸರಿಯಾದ ನರದಲ್ಲಿ ಅದು ಸುಮಾರು 100 ಮಿಲಿಸೆಕೆಂಡು. 2017ರ ವರದಿಯಂತೆ ಕ್ಲೆಮಾಸ್ಟೀನ್ ಆ ವಿಳಂಬವನ್ನು ಒಂದು ಕಣ್ಣಿಗೆ 1.7 ಮಿಲಿಸೆಕೆಂಡಿನಷ್ಟು ಕುಗ್ಗಿಸಿತು. ಚಿಕ್ಕ ಅಂಕಿ, ಆದರೆ ವರ್ಷಗಳ ಹಿಂದೆ ಕೆಟ್ಟ ನರವೂ ಸುಧಾರಿಸಬಹುದೆಂಬುದಕ್ಕೆ ಇದು ಪುರಾವೆ. ಮಾತ್ರೆ ನುಂಗಿದವರಲ್ಲಿ ಸುಸ್ತು ಮಾತ್ರ ಹೆಚ್ಚಿತು.

ಉಳಿದವುಗಳ ಭಾಗ್ಯ ಇಷ್ಟೂ ಇಲ್ಲ. ದುರಸ್ತಿಗೆ ಅಡ್ಡಬರುವ ಲಿಂಗೋ-1 ಪ್ರೋಟೀನನ್ನು ತಡೆಯುವ ಒಪಿಸಿನುಮ್ಯಾಬ್ ದೊಡ್ಡ ಪ್ರಯೋಗಗಳಲ್ಲಿ ಸೋತು 2020ರಲ್ಲಿ ಬದಿಗೆ ಸರಿಯಿತು. ಕೇಂಬ್ರಿಜ್ ತಂಡ ಪರೀಕ್ಷಿಸಿದ ಬೆಕ್ಸರೋಟೀನ್ ಒಂದಿಷ್ಟು ದುರಸ್ತಿಯ ಸುಳಿವು ಕೊಟ್ಟರೂ ಥೈರಾಯ್ಡಿನ ಕೆಲಸವನ್ನು ಕುಗ್ಗಿಸಿತು. ನಮ್ಮ ಮನೆಮನೆಯ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಮುದಿ ಇಲಿಗಳ ಎಳೆಕೋಶಗಳನ್ನು ಚುರುಕುಗೊಳಿಸುವುದು 2019ರಲ್ಲಿ ತಿಳಿದ ಮೇಲೆ, ಅದನ್ನು ಕ್ಲೆಮಾಸ್ಟೀನ್ ಜೊತೆಗೂಡಿಸಿ ಮನುಷ್ಯರಲ್ಲೂ ಪರೀಕ್ಷಿಸಲಾಗಿದೆ.

ಇಷ್ಟಾದರೂ ಮಯಲಿನ್ ದುರಸ್ತಿಗೆಂದೇ ಅನುಮೋದನೆ ಪಡೆದ ಮದ್ದು ಇನ್ನೂ ಬಂದಿಲ್ಲ. ಕಾಯಿಲೆ ಏರುಗತಿಯಲ್ಲಿದ್ದವರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಕ್ಲೆಮಾಸ್ಟೀನ್ ಪಡೆದ ಮೂವರ ಸ್ಥಿತಿ ಬೇಗನೆ ಹದಗೆಟ್ಟಿದ್ದರಿಂದ ಅದನ್ನು ಕೊಡುವುದನ್ನೇ ನಿಲ್ಲಿಸಬೇಕಾಯಿತು. ಅಂಗಡಿಯಲ್ಲಿ ಸಿಗುವ ಅಲರ್ಜಿ ಮಾತ್ರೆಯೆಂದು ರೋಗಿಗಳು ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು.